ತಾರಸಿಯ ಮೇಲಿಲ್ಲದ ಕೋಣೆ

“ಮೇಡಂ, ಟೆರೇಸ್ ಮೇಲೆ ಶೀಟ್ ಹಾಕಿ ರೂಮ್ ಕಟ್ಟಿದೀರಲ್ಲಾ, ಸ್ವಲ್ಪ ನೋಡ್ಬೇಕಿತ್ತು” ಎಂದ, ಗೇಟಿನಾಚೆ ನಿಂತಿದ್ದ ಅಪರಿಚಿತ.

ಬಾಗಲಗುಂಟೆಯ ನಮ್ಮ ಮನೆ ಮೇಲೆ ಯಾವ ಕೋಣೆಯೂ ಇಲ್ಲ. ಆಗ ಮನೆಯಲ್ಲಿದ್ದವರು ನಾನು, ಅತ್ತೆ ಇಬ್ಬರೇ. ಒಳಗೆ ಬರಲು ನೆಪ ಹುಡುಕುತ್ತಿದ್ದಾನೆ ಎನಿಸಿ ಚಿಲಕ ತೆಗೆಯಲಿಲ್ಲ. ಅವನ ಕೊರಳಲ್ಲಿದ್ದ, ಪಾಲಿಕೆಯ ಆಸ್ತಿ ತೆರಿಗೆ ವಿಭಾಗದ ಗುರುತಿನ ಚೀಟಿಯನ್ನೂ ನಂಬಲಿಲ್ಲ. ಅಂಥದ್ದನ್ನು ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ.

ಅವನು ಗೇಟಿನ ಸರಳುಗಳ ನಡುವೆ ಟ್ಯಾಬ್ ಹಿಡಿದ. ಉಪಗ್ರಹ ತೆಗೆದ ಚಿತ್ರವಂತೆ. ನಮ್ಮ ಬೀದಿ, ಎದುರುಮನೆಯ ತೆಂಗಿನಮರ, ನಮ್ಮದೇ ತಾರಸಿ! ಅದರ ಮೇಲೊಂದು ಬಿಳಿ ಪಟ್ಟಿ, ಪಕ್ಕದಲ್ಲಿ ಕಪ್ಪು ಚುಕ್ಕೆ.

“ಇದು ಶೀಟು, ಇದು ನೀರಿನ ಟ್ಯಾಂಕು” ಎಂದು ಬೆರಳಿಟ್ಟು ತೋರಿಸಿದ.

ನನ್ನ ಹಿಂದಿನಿಂದ ಇಣುಕಿದ ಅತ್ತೆ ಸಿಡುಕಿದರು: “ಟ್ಯಾಂಕಲ್ಲ ಕಣಪ್ಪ, ಕಾಗೆ ಬರ್ದೇ ಇರ್ಲಿ ಅಂತ ಬಿಚ್ಚಿಟ್ಟಿದ್ದ ಛತ್ರಿ. ಬಿಳೀದು ನಮ್ಮೆಜಮಾನ್ರ ಪಂಚೆ, ಅದ್ರ ಮೇಲೆ ಸಂಡಿಗೆ ಹಾಕಿದ್ದೆ. ಅಲ್ಲಾ, ಹೇಳ್ದೆ ಕೇಳ್ದೆ ಇದನ್ನ ಯಾರು ತೆಗೆದಿದ್ದು?”

ಆತ ಬೆರಳೆತ್ತಿ ಆಕಾಶ ತೋರಿಸಿದ.

ನಾನು ಮೇಲೆ ಹೋಗಿ ಖಾಲಿ ತಾರಸಿಯ ಫೋಟೊ ತೆಗೆದು ತಂದು ತೋರಿಸಿದ ಮೇಲೆ ಸಾರಿ ಕೇಳಿ ಹೊರಟ. ಅವನು ಬೀದಿಯ ತಿರುವು ದಾಟುವವರೆಗೂ ನಾನು ಗೇಟು ಬಿಟ್ಟು ಕದಲಲಿಲ್ಲ.

ಅತ್ತೆ ಈಗಲೂ ಪಂಚೆ ಹಾಸಿ ಸಂಡಿಗೆ ಹಾಕುತ್ತಾರೆ, ಪಕ್ಕದಲ್ಲಿ ಛತ್ರಿ ಬಿಚ್ಚಿಡುತ್ತಾರೆ. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು, ಏನೂ ಕಾಣದ ಆಕಾಶವನ್ನು ಗುರಾಯಿಸಿ ನನ್ನನ್ನು ಕೇಳುತ್ತಾರೆ: “ಕಾಗೆಗಾದ್ರೆ ಛತ್ರಿ. ಅದಕ್ಕೇನಮ್ಮಾ ಇಡೋದು?”