ಕರ್ಪೂರದ ಎಣ್ಣೆ, ಕೆಂಪು ಕಾರು

ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡುವ ವಾಸನೆ ಯಾರ ಮನೆಯ ಅಡುಗೆಕೋಣೆಯಿಂದ ಬಂದರೂ ನನ್ನ ಮೂಗು ಒಂದು ಗಳಿಗೆ ಕಾಯುತ್ತದೆ. ಅದರ ಬೆನ್ನಿಗೇ ಪೇಂಟಿನ ಥಿನ್ನರ್ ವಾಸನೆ ಬರಬೇಕು. ಬರುವುದಿಲ್ಲ, ಈಗ ಎಲ್ಲಿಂದ ಬರಬೇಕು. ಆದರೂ ಒಳಗಿನ ಕೋಣೆಯಲ್ಲಿ ಯಾರೋ ಸರಿಯಾಗಿ ಉಸಿರಾಡುತ್ತಿದ್ದಾರೆಯೇ ಎಂದು ಕಿವಿ ತಾನಾಗಿಯೇ ಆಲಿಸುತ್ತದೆ. ಆ ಎರಡು ವಾಸನೆ ಒಟ್ಟಿಗೆ ಬರುತ್ತಿದ್ದ ನಮ್ಮ ಮನೆ ಕಿರಿಮಂಜೇಶ್ವರದಲ್ಲಿ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಇತ್ತು. ಮಳೆ ಸುರಿಯುವ ಆಸಾಡಿ ತಿಂಗಳ ಯಾವ ಸಂಜೆ ನೀವು ಬಂದು ನೋಡಿದ್ದರೂ ಕಡಲ ಕಡೆಯ ಪಡು ಜಗಲಿಯಲ್ಲಿ ನಾವು ಇಷ್ಟೇ ಜನ ಇರುತ್ತಿದ್ದೆವು. ಗೋಡೆಗೊರಗಿ ಕಾಲು ಚಾಚಿ ಕೂತ ಅಮ್ಮಮ್ಮ, ಅಂದರೆ ನನ್ನ ಅಮ್ಮನ ಅಮ್ಮ. ಹಳೆಯ ಪೇಪರ್ ಹಾಸಿ ಅದರ ಮೇಲೆ ಪ್ಲಾಸ್ಟಿಕ್ ಕಾರಿನ ಬಿಡಿಭಾಗಗಳನ್ನು ಹರಡಿಕೊಂಡ ದೊಡ್ಡಮ್ಮನ ಮಗ ಸುಧೀರಣ್ಣ. ಅವನ ಎದುರು ಗಲ್ಲಕ್ಕೆ ಕೈಕೊಟ್ಟು ಕೂತ ನಾನು. ಒಳಗೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ನನ್ನ ಅಮ್ಮ. ಮಿಷನ್ನಿನ ಸದ್ದು ನಿಂತಾಗ ಕಡಲಿನ ಸದ್ದು ಕೇಳುತ್ತಿತ್ತು. ಕಡಲು ಒಂದು ಉಸಿರು ತಗ್ಗಿದಾಗ ಸುಧೀರಣ್ಣನ ಎದೆಯ ಸದ್ದು ಕೇಳುತ್ತಿತ್ತು.

ಆ ಸದ್ದಿಗೇ ನಾನು ಹೆದರುತ್ತಿದ್ದದ್ದು. ದೊಡ್ಡಪ್ಪ ಬೊಂಬಾಯಿಯಲ್ಲಿ ಹೊಟೇಲ್ ನಡೆಸುತ್ತಿದ್ದರು. ಅಲ್ಲಿನ ಹೊಗೆ ಮಗನ ಉಬ್ಬಸಕ್ಕೆ ಆಗುವುದಿಲ್ಲವೆಂದು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅವನನ್ನು ಊರಿಗೆ ಕಳಿಸಿಬಿಟ್ಟಿದ್ದರು. ಆದರೆ ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತಲ್ಲ, ಹಾಸಿದ ಚಾಪೆ, ಮಡಿಸಿಟ್ಟ ಬಟ್ಟೆ, ಬೆಂಕಿಪೆಟ್ಟಿಗೆ ಎಲ್ಲವೂ ತಂಡಿ ಹಿಡಿದು ಕೂರುತ್ತವೆ. ಅವನ ಎದೆಯೂ ಹಾಗೆಯೇ. ಗಾಳಿ ಬಾಗಿಲ ಸಂದಿಯಲ್ಲಿ ನುಗ್ಗುವಾಗ ಬರುತ್ತದಲ್ಲ, ಅಂಥ ಒಂದು ಸಣ್ಣ ಸೀಟಿ ಅವನೊಳಗಿಂದ ಬರುತ್ತಿತ್ತು. ಒಂದು ಸೀಟಿ ಮುಗಿದು ಇನ್ನೊಂದು ಶುರುವಾಗುವವರೆಗೆ ನಾನೂ ಉಸಿರು ಬಿಗಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಅಮ್ಮಮ್ಮನೂ ಹಿಡಿದಿರುತ್ತಿದ್ದಳು ಎನ್ನುವುದು ಎಲೆಅಡಿಕೆಯ ಕವಳ ಜಗಿಯುವ ಅವಳ ಬಾಯಿ ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತಿದ್ದುದರಿಂದ ಗೊತ್ತಾಗುತ್ತಿತ್ತು.

"ಮಾಣಿ, ಉಸ್ರ್ ಹ್ಯಾಂಗ್ ಇತ್ತ್?" ಎಂದು ಕೇಳುವಳು.

"ಇತ್ತ್ ಅಮ್ಮಮ್ಮ. ಎಲ್ಲೂ ಹೋಯ್ಲಿಲ್ಲ," ಎಂದು ಅವನು ಬ್ರಷ್ಷಿನಿಂದ ಕಣ್ಣು ಎತ್ತದೆ ಹೇಳುವನು.

ದೊಡ್ಡಪ್ಪ ಊರಿಗೆ ಬರುವಾಗಲೆಲ್ಲ ಪ್ಲಾಸ್ಟಿಕ್ ಕಾರುಗಳ ಪೆಟ್ಟಿಗೆ ತರುತ್ತಿದ್ದರು. ಬಿಡಿಭಾಗಗಳನ್ನು ಗೋಂದಿನಲ್ಲಿ ಅಂಟಿಸಿ, ಬಣ್ಣ ಹಚ್ಚಿ, ಅಂಗೈಯಷ್ಟು ಉದ್ದದ ಕಾರು ಮಾಡುವುದು. ಆಟಕ್ಕೆ ಓಡಲಾಗದ ಹುಡುಗ ಅದರಲ್ಲೇ ಮುಳುಗಿಹೋದ. ಕುಂದಾಪುರದ ಡಾಕ್ಟರು ಬಣ್ಣದ ವಾಸನೆ ಬೇಡವೆಂದು ಖಡಾಖಂಡಿತ ಹೇಳಿದ್ದರು. ಆದರೆ ಬಣ್ಣ ಹಚ್ಚುವಾಗ ಮಾತ್ರ ಅವನ ಉಸಿರು ನಿಧಾನವಾಗಿ, ನೇರವಾಗಿ ಬರುತ್ತಿದ್ದುದನ್ನು ಅಮ್ಮಮ್ಮ ಕಂಡಿದ್ದಳು. "ಗಾಳಿ ಆಡು ಬದಿ ಕೂಕಂಡ್ ಮಾಡ್ಲಿ, ಒಳ್ಗೆ ಬ್ಯಾಡ," ಎಂದು ಪಡು ಜಗಲಿಯನ್ನು ಅವನಿಗೆ ಬಿಟ್ಟುಕೊಟ್ಟಳು. ಡಾಕ್ಟರಿಗೂ ಮೊಮ್ಮಗನಿಗೂ ನಡುವೆ ಅವಳು ಹುಡುಕಿದ ದಾರಿ ಅದು. ಆ ದಾರಿಯ ಮೇಲೆ ಅವಳಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಇದ್ದಿದ್ದರೆ ಅಷ್ಟು ಹತ್ತಿರ ಕೂತು ಕಾಯುತ್ತಿರಲಿಲ್ಲ.

ಬಣ್ಣದ ಕಷ್ಟ ಒಂದೆರಡಲ್ಲ. ಮಳೆಯ ದಿನ ಹಚ್ಚಿದರೆ ಒಣಗುತ್ತ ಒಣಗುತ್ತ ಬೂದಿ ಎರಚಿದಂತೆ ಬೆಳ್ಳಗಾಗುತ್ತಿತ್ತು. ಹಚ್ಚಿದ್ದನ್ನು ತೆಗೆಯಲು ಥಿನ್ನರಿನಲ್ಲಿ ಒರೆಸಿದ ಮೊದಲ ಕಾರಿನ ಟಾಪು ಬಿಸಿಲಿಗಿಟ್ಟ ಮೇಣದಂತೆ ಒಳಕ್ಕೆ ಕುಸಿದುಹೋಗಿತ್ತು. ಅದನ್ನು ನೋಡಿ ಅವನಿಗಿಂತ ಜಾಸ್ತಿ ಅತ್ತವಳು ನಾನು. ಒಣಗಲು ಇಟ್ಟರೆ ದೂಳು, ಹತ್ತಿಯ ಎಳೆ, ಒಮ್ಮೆ ಒಂದು ಇರುವೆ ಪೂರಾ. ಕಡೆಗೆ ಅಮ್ಮಮ್ಮನೇ ಉಪಾಯ ಹೇಳಿದಳು. ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ಯಾವಾಗಲೂ ಉರಿಯುತ್ತಿತ್ತಲ್ಲ, ಆ ಗೋಡೆಯ ಹಿಂಬದಿಯ ಕಟ್ಟೆ ಮಳೆಗಾಲದಲ್ಲೂ ಬೆಚ್ಚಗಿರುತ್ತಿತ್ತು. ಅಲ್ಲಿ ಕಾರು ಇಟ್ಟು, ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಗೊಂದು ಹಳೆ ಪಂಚೆ ಹೊದೆಸುವುದು. "ಕೋಳಿ ಕಾವಿಗ್ ಕೂತಂಗ್ ಆಯ್ತ್ ಕಾಣ್," ಎಂದು ನಕ್ಕಿದ್ದಳು. ಬಣ್ಣ ಬೆಳ್ಳಗಾಗುವುದು ಅಲ್ಲಿಗೆ ನಿಂತಿತು. ಬಣ್ಣಕ್ಕೂ ಅವನ ಎದೆಗೂ ಬೇಕಾದದ್ದು ಒಂದೇ ಆಗಿತ್ತು, ಒಂದಿಷ್ಟು ಒಣಗಿದ ಬೆಚ್ಚನೆಯ ಗಾಳಿ.

ಸಂಜೆ ದೀಪ ಹಚ್ಚಿದ ಮೇಲೆ ಅಮ್ಮಮ್ಮ ಸಣ್ಣ ಕಬ್ಬಿಣದ ಸೌಟಿನಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ, ಕರ್ಪೂರ ಪುಡಿ ಮಾಡಿ ಹಾಕಿ, ಅಂಗೈ ತುಂಬ ತೆಗೆದುಕೊಂಡು ಅವನ ಎದೆಗೂ ಬೆನ್ನಿಗೂ ತಿಕ್ಕುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ಆ ಅಂಗೈ ಅವನ ಎದೆಯ ಮೇಲೆ ಸುತ್ತು ಬರುವುದನ್ನು ನೋಡುತ್ತಿದ್ದರೆ ನನ್ನ ಹೆದರಿಕೆಯೂ ಸ್ವಲ್ಪ ಕರಗುತ್ತಿತ್ತು.

ಒಂದು ಮಳೆಗಾಲ ದೊಡ್ಡಪ್ಪ ದೊಡ್ಡ ಪೆಟ್ಟಿಗೆಯ ಜೊತೆಗೆ ಕೆಂಪು ಸ್ಪ್ರೇ ಪೇಂಟಿನ ಡಬ್ಬವನ್ನೂ ಕಳಿಸಿದ್ದರು. ಕಾರು ಜೋಡಿಸಿದ್ದಾಯಿತು, ಉಜ್ಜಿದ್ದಾಯಿತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಮೂಗಿಗೆ ಬಟ್ಟೆ ಕಟ್ಟಿ ಸುಧೀರಣ್ಣ ಸ್ಪ್ರೇ ಹೊಡೆದ. ಕೆಂಪು ಬಣ್ಣ ಕನ್ನಡಿಯಂತೆ ಕೂತಿತು. ನಾವು ನೋಡುತ್ತಿದ್ದಂತೆಯೇ ಅಲ್ಲಲ್ಲಿ ಬಣ್ಣ ಹಿಂದಕ್ಕೆ ಸರಿದು ದುಂಡು ದುಂಡಗೆ ಕುಳಿಗಳು ಬಿಟ್ಟುಕೊಂಡವು. ಯಾವುದನ್ನೋ ಮುಟ್ಟಲಾರೆ ಎನ್ನುವಂತೆ ಬಣ್ಣವೇ ಹೆದರಿ ಸರಿದ ಹಾಗೆ. ಒಣಗಿದ ಮೇಲೆ ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಗೆದು ಮತ್ತೆ ಹೊಡೆದ. ಮತ್ತೆ ಕುಳಿ. ಆಗ ಅವನು ತನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದ.

"ಎಣ್ಣಿ," ಅಂದ. "ಅಮ್ಮಮ್ಮ, ಇದ್ ನಿನ್ ಎಣ್ಣಿ ಕೆಲ್ಸ. ಎದಿಗ್ ಹಾಕಿದ್ದ್ ಕೈಗ್ ಬತ್ತ್, ಕೈಯಿಂದ ಕಾರಿಗ್ ಬತ್ತ್. ಇವತ್ತಿಂದ ನಂಗ್ ಎಣ್ಣಿ ಬ್ಯಾಡ."

"ಕಾರಿಗ್ ಬ್ಯಾಡಂದ್ರೆ ಬ್ಯಾಡ ಮಾಣಿ. ಎದಿಗ್ ಬೇಕಲೆ?"

"ಕಾರ್ ಮುಗಿಲಿ. ಆಮೇಲ್ ಒಂದ್ ಕೊಡ ಹೊಯ್ಕೊ."

ಆ ಸಂಜೆ ಅಭ್ಯಾಸಬಲದಿಂದ ಎಣ್ಣೆ ಬಿಸಿ ಮಾಡಿದ ಅಮ್ಮಮ್ಮ ಸೌಟನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಎಣ್ಣೆ ಆರಿತು. ಅವಳ ಮುಖದಲ್ಲಿ ನಾನು ಅಂದು ಕಂಡದ್ದು ಸಿಟ್ಟಲ್ಲ. ದೊಡ್ಡವರೂ ನಮ್ಮ ಹಾಗೆಯೇ ಹೆದರುತ್ತಾರೆ ಎಂದು ನನಗೆ ಮೊದಲ ಸಲ ತಿಳಿದದ್ದು ಆ ಬಾಗಿಲಲ್ಲಿ. ಹಾಗೆ ತಿಳಿದ ಮೇಲೆ ನನ್ನ ಹೆದರಿಕೆಗೆ ಒರಗಲು ಗೋಡೆಯೇ ಇಲ್ಲದಂತಾಯಿತು.

ಸುಧೀರಣ್ಣ ಕೈಗೆ ಸೋಪು ಹಾಕಿ ತೊಳೆದ, ಕಾರನ್ನು ಮುಟ್ಟದೆ ಕಡ್ಡಿಗೆ ಸಿಕ್ಕಿಸಿ ಹಿಡಿದು ಸ್ಪ್ರೇ ಹೊಡೆದ. ಕುಳಿ ಇನ್ನೂ ಜಾಸ್ತಿ ಬಿದ್ದವು. "ನೀ ಮುಟ್ಟಿದ್ಯಾ ಹೆಣೆ?" ಎಂದು ನನ್ನ ಕಡೆ ತಿರುಗಿದ. ನಾನು ಎರಡೂ ಅಂಗೈ ಚಾಚಿ ತೋರಿಸಿದೆ. ಮತ್ತೆ ಉಜ್ಜಿದ, ಮತ್ತೆ ಹೊಡೆದ. ಹೊಡೆದಷ್ಟು ಸಲವೂ ಆ ವಾಸನೆ, ಹೊಡೆದಷ್ಟು ಸಲವೂ ಅವನ ಸೀಟಿ ಒಂದು ಎಳೆ ಬಿಗಿಯಾಗಿ ಸಣ್ಣಗಾಗುತ್ತಿತ್ತು.

ಒಂದು ಮುಸ್ಸಂಜೆ ಕಾಲು ತೊಳೆಯಲೆಂದು ಬಚ್ಚಲುಮನೆಗೆ ಹೋದೆ. ಒಲೆಯ ಬೆಳಕಿನಲ್ಲಿ ಅಮ್ಮಮ್ಮ ಕೂತಿದ್ದಳು. ಬುಟ್ಟಿ ಪಕ್ಕಕ್ಕೆ ಸರಿದಿತ್ತು. ಮಡಿಲಲ್ಲಿ ಉಜ್ಜಿಟ್ಟ ಕಾರು, ಪಕ್ಕದಲ್ಲಿ ಆ ಕಬ್ಬಿಣದ ಸೌಟು. ಅಂಗೈಗೆ ಎಣ್ಣೆ ಹಾಕಿಕೊಂಡು ಕಾರಿನ ಟಾಪಿಗೆ, ಮುಂದಿನ ಮುಚ್ಚಳಕ್ಕೆ ಮೆಲ್ಲಗೆ ತಿಕ್ಕುತ್ತಿದ್ದಳು, ಸುತ್ತು ಸುತ್ತಾಗಿ, ಅವನ ಎದೆಗೆ ತಿಕ್ಕುತ್ತಿದ್ದ ಹಾಗೆಯೇ. ತುಟಿ ಏನೋ ಗುನುಗುತ್ತಿತ್ತು. ಮಾಟ ಮಾಡುವವರ ಕತೆಗಳನ್ನು ಅವಳ ಬಾಯಿಂದಲೇ ಕೇಳಿದ್ದವಳು ನಾನು. ಮೈಯೆಲ್ಲ ಚಳಿಗುಳ್ಳೆ ಎದ್ದು, ಕಾಲು ತೊಳೆಯದೆ ಹಿಂದೆ ಹಿಂದೆ ನಡೆದು ಬಂದು ಅಮ್ಮನ ಹೊಲಿಗೆ ಮಿಷನ್ನಿನ ಅಡಿಗೆ ಸೇರಿಕೊಂಡೆ. ಅಮ್ಮ ಏನೆಂದು ಕೇಳಿದಾಗ ಚಳಿ ಎಂದೆ.

ಮರುದಿನ ಮಧ್ಯಾಹ್ನ ಅಮ್ಮ ಹೊಲಿದ ಬಟ್ಟೆ ಕೊಡಲು ಬೈಂದೂರಿಗೆ ಹೋಗಿದ್ದಳು. ಪಡುವಣ ಗಾಳಿ ಎದ್ದು ಜಗಲಿಗೆಲ್ಲ ಮಳೆ ಹೊಡೆಯಿತು. ಸುಧೀರಣ್ಣ ಕಾರನ್ನೂ ಡಬ್ಬವನ್ನೂ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ಪ್ರೇಯ ಸದ್ದು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಏನೋ ಬಿದ್ದ ಸದ್ದು. ಅಮ್ಮಮ್ಮ ಬಾಗಿಲು ದೂಡಿದಾಗ ಅವನು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಕಿವಿಯವರೆಗೆ ಎತ್ತಿ, ಬಾಯಿ ತೆರೆದು ಕೂತಿದ್ದ. ಬೆರಳಿಗೆಲ್ಲ, ಗಲ್ಲಕ್ಕೆಲ್ಲ ಕೆಂಪು. ರಕ್ತವೆಂದು ಅಮ್ಮಮ್ಮನ ಗಂಟಲಿಂದ ಹೊರಟ ದನಿ ನನಗೆ ಇವತ್ತಿಗೂ ಕೇಳುತ್ತದೆ. ಬಾಯಿಗೆ ಹೊಡೆದುಕೊಳ್ಳುವ ಮದ್ದಿನ ಪಂಪು ಒತ್ತಿದರೆ ಬರೀ ಗಾಳಿ. ಸೀಟಿಯೂ ಇರಲಿಲ್ಲ. ಸೀಟಿ ಇಲ್ಲದ್ದೇ ದೊಡ್ಡ ಭಯ ಎಂದು ನನಗೆ ಗೊತ್ತಿತ್ತು.

ಫೋನು ಗಾಳಿಗೆ ಸತ್ತಿತ್ತು. ಕಪಾಟಿನ ತುಂಬ ಕಾರುಗಳಿದ್ದ ಮನೆ ಅದು, ರಸ್ತೆಗೆ ಇಳಿಯುವಂಥದ್ದು ಒಂದೂ ಇಲ್ಲ. ಅಮ್ಮಮ್ಮ ಅವನನ್ನು ಬೆನ್ನಿಗೆ ಹಾಕಿಕೊಂಡು ಮಳೆಯಲ್ಲಿ ಹೆದ್ದಾರಿಗೆ ಓಡಿದಳು, ನಾನು ಅವಳ ಸೆರಗು ಹಿಡಿದು ಹಿಂದೆ. ಎರಡು ವಾಹನ ನೀರೆರಚಿ ಹೋದವು. ಮೂರನೆಯದು ಬರುವಾಗ ಅವನನ್ನು ನನಗೊರಗಿಸಿ, ಅವಳು ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. ಹಂಚು ಇಳಿಸಿ ಬರುತ್ತಿದ್ದ ಖಾಲಿ ಲಾರಿ. ಅದು ಜಾರುತ್ತ ಜಾರುತ್ತ ಬಂದು ಅವಳ ಮುಂದೆ ನಿಂತಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಹ್ವಾಯ್ ಅಮ್ಮ, ಸಾಯುಕ್ ಬಂದ್ರ್ಯಾ ರೋಡಿಗೆ?"

"ಸಾಯುಕಲ್ಲ ಮಗಾ. ಮಾಣಿ ಸಾಯ್ದಂಗ್ ಮಾಡುಕ್."

ಡ್ರೈವರ್ ಇಳಿದು ಬಂದು ಸುಧೀರಣ್ಣನನ್ನು ಎತ್ತಿ ಲಾರಿಗೆ ಹತ್ತಿಸಿದ. ಮರವಂತೆಯಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ರಸ್ತೆಗೇ ಏರಿ ಬರುವ ಸಮುದ್ರ. ಗಾಜಿನ ಮೇಲೆ ಉಪ್ಪುನೀರು ಅಪ್ಪಳಿಸಿದಾಗಲೆಲ್ಲ ಅಮ್ಮಮ್ಮ ಅವನ ಎದೆಯ ಮೇಲೆ ಬರಿಗೈ ತಿಕ್ಕುತ್ತಿದ್ದಳು. ತ್ರಾಸಿ ದಾಟುವಾಗ ಅವನ ತಲೆ ಅವಳ ತೋಳಿನ ಮೇಲೆ ಜೋತುಬಿತ್ತು. ಕುಂದಾಪುರದವರೆಗೆ ನಾನು ಅವನ ಕೆಂಪು ಬೆರಳನ್ನು ಹಿಡಿದುಕೊಂಡಿದ್ದೆ. ಬಣ್ಣ ನನ್ನ ಕೈಗೂ ಹತ್ತಿತು.

ಆಸ್ಪತ್ರೆಯಲ್ಲಿ ಮುಖಕ್ಕೆ ಗವಸು ಹಾಕಿ ಹೊಗೆಯಂಥ ಮದ್ದು ಬಿಟ್ಟರು. ಎಷ್ಟೋ ಹೊತ್ತಿನ ಮೇಲೆ ಆ ಸೀಟಿ ಮತ್ತೆ ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಗವಸು ತೆಗೆದಾಗ ಅವನು ಕೇಳಿದ ಮೊದಲ ಮಾತು, "ಅಮ್ಮಮ್ಮ, ಕಾರಿಗೆ ಕರ್ಪೂರದ ವಾಸ್ನಿ ಬಪ್ಪುದ್ ಎಂತಕ್ಕೆ?"

ಅವಳು ಸೆರಗಿನ ತುದಿಯನ್ನು ಹಿಂಡಿದಳು. ಇನ್ನೂ ನೀರು ಇಳಿಯುತ್ತಿತ್ತು. "ನೀ ಎದಿಗ್ ಬ್ಯಾಡ ಅಂದೆ. ನಾ ಎಂತ ಮಾಡುದ್? ಕೈಕಾಲ್ ಸರಿ ಇಲ್ದಿದ್ರೆ, ದೇವ್ರಿಗೆ ಬೆಳ್ಳಿ ಕೈಕಾಲ್ ಮಾಡ್ಸಿ ಹಾಕುದಿಲ್ಯಾ? ನಿನ್ ಜೀವ ಇಪ್ಪುದ್ ಆ ಕಾರಲ್ಲಿ. ಅದಕ್ಕಾರೂ ಹಚ್ಚುವ ಅಂದೇಳಿ ಹಚ್ಚಿದೆ."

ಅವನು ನಗಲು ಹೋಗಿ ಕೆಮ್ಮಿದ. ಅಮ್ಮಮ್ಮ ಏನನ್ನೋ ಲೆಕ್ಕ ಹಾಕುವವಳಂತೆ ಅವನನ್ನೇ ನೋಡುತ್ತಿದ್ದಳು. ಎಣ್ಣೆಗೆ ಬಣ್ಣ ಕೂರಲಿಲ್ಲ, ಬಣ್ಣ ಕೂರದ್ದಕ್ಕೆ ಮತ್ತೆ ಮತ್ತೆ ಹೊಡೆದ, ಹೊಡೆದದ್ದಕ್ಕೆ ಉಸಿರು ಹೋಯಿತು. ಅದು ಅವಳೊಳಗೆ ಒಂದೊಂದಾಗಿ ಇಳಿಯುವುದು ನನಗೂ ಕಂಡಿತು.

"ಹಂಗಾರೆ ಮಾಣಿ, ನಾನೇ..."

"ಅಲ್ಲ ಅಮ್ಮಮ್ಮ," ಎಂದು ಅವನು ಅವಳಿಗೆ ಮುಗಿಸಲು ಬಿಡಲಿಲ್ಲ. "ಅದ್ ಮಳಿ. ಮಳಿಗ್ ಆದ್ದ್."

ಆಮೇಲೆ ಅವನು ಎದೆಗೆ ಎಣ್ಣೆ ಬೇಡವೆನ್ನಲಿಲ್ಲ. ಅವಳೂ ಕಾರಿಗೆ ಹಚ್ಚುವುದನ್ನು ಬಿಡಲಿಲ್ಲ. ಎರಡೂ ಕಡೆ ಇರಲಿ ಎಂದು ಅವಳ ಲೆಕ್ಕ. ಬಣ್ಣಕ್ಕೆ ಮೊದಲು ಸೋಪಿನ ನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಟಾಪಿನ ಮೇಲಿನ ಅವಳ ಕೈಯ ಜಾಗವನ್ನು ಮಾತ್ರ ತೊಳೆಯದೆ ಬಿಡುತ್ತಿದ್ದ. ಅವನ ಕಪಾಟಿನ ಕಾರುಗಳಲ್ಲಿ ಅಂದಿನಿಂದ ಅವಳ ಕೈ ಮುಟ್ಟಿದವೆಲ್ಲಕ್ಕೂ ಟಾಪಿನ ಮೇಲೆ ಆ ಕುಳಿಗಳಿವೆ.

ಹೆದ್ದಾರಿ ಅಗಲ ಮಾಡುವಾಗ ನಮ್ಮ ಮನೆ ಹೋಯಿತು. ಜಗಲಿ, ಬೆಚ್ಚನೆಯ ಕಟ್ಟೆ, ಬಚ್ಚಲ ಒಲೆ ಇದ್ದಲ್ಲಿ ಈಗ ನಿಜವಾದ ಕಾರುಗಳು ನಿಲ್ಲದೆ ಓಡುತ್ತವೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಆ ಜಾಗ ಬಂದರೆ ನಾನು ಕಾಲನ್ನು ಸ್ವಲ್ಪ ಮೇಲೆತ್ತಿ ಕೂರುತ್ತೇನೆ, ಏಕೆಂದು ಕೇಳಬೇಡಿ. ಅಮ್ಮಮ್ಮ ಬ್ರಹ್ಮಾವರದಲ್ಲಿದ್ದ ಸುಧೀರಣ್ಣನ ಮನೆಗೆ ಹೋದಳು. ಅಲ್ಲೂ ಅವನು ಹೊಸ ಕಾರು ಜೋಡಿಸಿದರೆ ಬಣ್ಣದ ಹಿಂದಿನ ದಿನ ಅವಳ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಅವಳ ಕಣ್ಣು ಮಂಜಾದ ಮೇಲೂ ಕೈ ಅದನ್ನು ಹುಡುಕಿಕೊಳ್ಳುತ್ತಿತ್ತು.

ಕಳೆದ ಮಳೆಗಾಲ ಅಮ್ಮಮ್ಮ ತೀರಿಕೊಂಡಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕೆಲಸಗಳೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ನಾನು ಬ್ರಹ್ಮಾವರಕ್ಕೆ ಹೋಗಿದ್ದೆ. ಸುಧೀರಣ್ಣ ಒಂದು ಕೆಂಪು ಕಾರು ಮುಗಿಸಿದ್ದ. ಎಂದಿನಂತೆ ಹಿಂದಿನ ದಿನ ಅವಳ ಕಿಟಕಿಯಲ್ಲಿಟ್ಟು, ತೊಳೆಯದೆಯೇ ಬಣ್ಣ ಹೊಡೆದಿದ್ದ. ಟಾಪು ಕನ್ನಡಿಯಂತಿತ್ತು, ಒಂದು ಕುಳಿಯೂ ಇರಲಿಲ್ಲ. ಕಿಟಕಿಯ ಸರಳುಗಳು, ಅವನ ಮುಖ, ನನ್ನ ಮುಖ ಎಲ್ಲ ಅದರಲ್ಲಿ ಕಾಣುತ್ತಿದ್ದವು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ನನ್ನ ಕೈಗೆ ಕೊಟ್ಟ. ನಾನೂ ಮೂಸಿ ನೋಡಿದೆ. ಬಣ್ಣದ ವಾಸನೆ ಮಾತ್ರ ಇತ್ತು.