ಅಂಟುವಾಳದ ಬಂಧುಬಳಗ

ಈಗಷ್ಟೇ ಲಿಚಿ ಬಿಡಿಸುತ್ತಿದ್ದೆ. ಬೀಜ ಕೈಯಿಂದ ಜಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಹೋಗಲಿ ಬಿಡಿ, ಅದರ ಮಿರುಗು ನೋಡಿದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನೀವು ಅಂಟುವಾಳದ ಕಾಯಿ ಒಡೆದು ನೋಡಿದ್ದೀರಾ? ಒಳಗೆ ಅಂಥದೇ ದುಂಡನೆಯ, ಎಣ್ಣೆ ಹಚ್ಚಿದಂಥ ಬೀಜ. ಅಂಟುವಾಳ, ಲಿಚಿ, ಸಂಡೂರು ಗುಡ್ಡದ ಬಂದರಿಕೆ ಗಿಡ, ಎಲ್ಲ ಒಂದೇ ಕುಟುಂಬ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಬಂದರಿಕೆಯ ಕಾಯಿಗಂತೂ ಕಾಗದದಂಥ ರೆಕ್ಕೆ. ಕುಟುಂಬವೆಂದರೆ ಹಾಗೇ ಅಲ್ಲವೇ? ಒಬ್ಬ ಸಿಹಿ, ಒಬ್ಬ ಕಹಿ, ಒಬ್ಬ ಬರೀ ಹಾರಾಡುವವನು.

ಅದಿರಿನ ಲಾರಿಗಳು ಹೊಸಪೇಟೆಯನ್ನು ಕೆಂಪಗೆ ಮಾಡಿದ್ದ ವರ್ಷಗಳವು. ಹಗ್ಗದ ಮೇಲಿನ ಬಟ್ಟೆ ಒಣಗುವ ಮೊದಲೇ ಕೊಳೆಯಾಗುತ್ತಿತ್ತು. ನಿವೃತ್ತ ಮೇಷ್ಟ್ರಾದ ನಮ್ಮ ಮಾವನವರಿಗೆ ಸೋಪಿನ ಪುಡಿ ತಾಗಿದರೆ ತುರಿಕೆ. ಅವರ ಧೋತರಕ್ಕೆ ಅಂಟುವಾಳವೇ ಆಗಬೇಕು. ಮರುದಿನ ನಾದಿನಿಯ ಮದುವೆ ಮಾತುಕತೆಗೆ ಸಂಡೂರಿಗೆ ಹೋಗಬೇಕಿತ್ತು. ಉಳಿದಿದ್ದ ಒಂದೇ ಒಳ್ಳೆಯ ಧೋತರ ಒಗೆಯುವ ಕೆಲಸ ನನ್ನದು. ನೋಡಿದರೆ ಅಂಟುವಾಳದ ಡಬ್ಬಿ ಖಾಲಿ. ಪಕ್ಕದಲ್ಲೇ, ಹೊಸ ಲಾರಿ ಕೊಂಡ ಸಂಭ್ರಮಕ್ಕೆ ನೆರೆಮನೆಯವರು ಕೊಟ್ಟಿದ್ದ ಲಿಚಿಯ ಸಿಪ್ಪೆ, ಒಂದು ಬುಟ್ಟಿ! ಅದೇ ಕುಟುಂಬದ್ದು ತಾನೇ, ನೊರೆ ಬಂದೇ ಬರುತ್ತದೆ ಎಂದು ಕುದಿಸಿ, ಧೋತರ ನೆನೆಹಾಕಿದೆ.

ನೊರೆ ಬರಲಿಲ್ಲ. ಬಣ್ಣ ಬಂತು.

ಅತ್ತೆಯವರು ಧೋತರ ಬಿಡಿಸಿ ಹಿಡಿದರು. "ಸಂಬಂಧಿಕರು ಅಂದ್ರ ಎಲ್ಲಾರೂ ಕೆಲಸಕ್ಕ ಬರ್ತಾರೇನವ್ವಾ? ನಮ್ಮ ತಮ್ಮನ್ನ ನೋಡಿಲ್ಲೇನು ನೀನು?"

ನಾದಿನಿಗೆ ಹುಡುಗ ಆಗಲೇ ಮೆಚ್ಚಿಗೆಯಾಗಿದ್ದ. "ಈ ಸಂಬಂಧ ತಪ್ಪಿತಂದ್ರ ಅತ್ತಿಗೀ, ನಿಮ್ಮ ಬಾಟನಿ ಪುಸ್ತಕ ಒಲಿಗೆ ಹಾಕ್ತೀನಿ!" ಎಂದು ಅತ್ತಳು.

ಬೇರೆ ದಾರಿಯಿಲ್ಲದೆ ಮಾವನವರು ಅದನ್ನೇ ಉಟ್ಟರು. ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ಅಡಗಿಕೊಂಡು ನಾನು. ಸಂಡೂರಿನಲ್ಲಿ ಹುಡುಗನ ಅಜ್ಜಿ ಆ ಕೆಮ್ಮಣ್ಣಿನ ಬಣ್ಣವನ್ನು ಮೇಲಿಂದ ಕೆಳಗೆ ನೋಡಿದರು.

"ಗಣಿ ಐತೇನ್ರಿ ನಿಮ್ದು? ಗಣಿ ಮಂದಿ ಭಾಳ ಜೋರು. ನಮಗ ಸರಿಹೋಗಂಗಿಲ್ರಿ."

ಮಾವನವರು ನನ್ನತ್ತ ಬೆರಳು ಮಾಡಿದರು. "ಗಣಿ ಅಲ್ರಿ, ನಮ್ಮ ಸೊಸಿ. ಲಿಚಿ ಸಿಪ್ಪಿ ಕುದಿಸಿ ಒಗದಾಳ."

ಅಜ್ಜಿ ಯಾಕೆಂದು ಕೇಳಿದರು. ನಾನು ಇಡೀ ಕುಟುಂಬವನ್ನು ವಿವರಿಸಿದೆ, ಬಂದರಿಕೆಯ ರೆಕ್ಕೆಯವರೆಗೂ. ಅವರು ಸೆರಗು ಬಾಯಿಗೊತ್ತಿ ನಕ್ಕು ನಕ್ಕು, ಕೊನೆಗೆ ಕಣ್ಣೊರೆಸಿಕೊಂಡರು. "ಹುಡುಗೀನ್ನ ಕೊಡ್ರಿ, ಆತು. ಆದ್ರ ಬಟ್ಟಿ ಒಗ್ಯಾಕ ಇಕಿನ್ನ ಮಾತ್ರ ಕಳಸಬ್ಯಾಡ್ರಿ."

ಅಂದಿನಿಂದ ಗಿಡಮರಗಳ ನೆಂಟಸ್ತನ ನಾನು ಯಾರಿಗೂ ಹೇಳುವುದಿಲ್ಲ. ಇವತ್ತು ಮಾತ್ರ, ಗೇರುಹಣ್ಣೂ ಮಾವಿನಹಣ್ಣೂ ಒಂದೇ ಕುಟುಂಬವೆಂದು ಬಾಯಿತಪ್ಪಿ ಅಂದೆ. ಮಾವನವರು ಓದುತ್ತಿದ್ದ ಪೇಪರು ಮಡಚಿಟ್ಟು, ಹಗ್ಗದ ಮೇಲಿದ್ದ ಧೋತರಗಳನ್ನೆಲ್ಲ ಎಳೆದುಕೊಂಡು, ಒಳಗೆ ಹೋಗಿ ಚಿಲಕ ಹಾಕಿಕೊಂಡರು.