ಹೊಗೆಯಿಲ್ಲದ ಒಲೆ ಮತ್ತು ಅಕ್ಕನ ಬಾಣಂತನ

ಮಾಳಿಗೆಗೆ ತೂತು ಕೊರೆದರೆ ಮೊದಲ ಮಳೆಗೇ ಅಡುಗೆಮನೆ ಕೆರೆಯಾಗಬಹುದಿತ್ತು. ಕೊಳವೆಯಲ್ಲಿ ಕಾಗೆ ಗೂಡು ಕಟ್ಟಿ ಹೊಗೆಯೆಲ್ಲ ಹಿಂದಕ್ಕೆ ತಿರುಗಬಹುದಿತ್ತು. ಕಿಡಿ ಹಾರಿ ಹಿತ್ತಲಿನ ಬಣವೆಗೆ ಬೀಳಬಹುದಿತ್ತು. ನಮ್ಮ ಬಣವೆಯಿಂದ ಪಕ್ಕದವರ ಬಣವೆಗೆ, ಅಲ್ಲಿಂದ ಇಡೀ ಹತ್ತಿಮತ್ತೂರಿಗೆ. ಒಲೆ ಕಟ್ಟುವವನು ಹಳೆಯದನ್ನು ಒಡೆದುಹಾಕಿ, ಹೊಸದನ್ನು ಮುಟ್ಟುವ ಮೊದಲೇ ಜ್ವರ ಬಂದು ಮಲಗಬಹುದಿತ್ತು. ಸರಕಾರವೇ ಬಿದ್ದುಹೋಗಿ, ಹೊಸ ಸರಕಾರದವರು ಬಂದು ಒಲೆ ವಾಪಸು ಕೇಳಬಹುದಿತ್ತು. ಇದೆಲ್ಲವನ್ನೂ ನಾನು ಸವಣೂರಿನಿಂದ ಬರುವ ಬಸ್ಸಿನಲ್ಲಿ, ನಿಂತುಕೊಂಡೇ, ಯೋಚಿಸಿ ಮುಗಿಸಿದ್ದೆ. ಐವತ್ತು ದಾಟಿದ ಮೇಲೆ ಈಗ ಇಷ್ಟು ಯೋಚಿಸಲು ಕುರ್ಚಿ ಬೇಕಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಹೊಗೆಯಿಲ್ಲದ ಒಲೆಗೆ ಸರಕಾರ ಸಹಾಯ ಕೊಡುತ್ತಿತ್ತು. ಕಟ್ಟುವವನ ಕೂಲಿ, ಕಬ್ಬಿಣದ ಜಾಲರಿ, ಸಿಮೆಂಟಿನ ಕೊಳವೆ ಅವರದು. ಮಣ್ಣು, ಸಗಣಿ, ಚಹಾ ನಮ್ಮದು. ಕಟ್ಟಿಗೆ ಬಹಳ ಉಳಿಯುತ್ತದೆ ಎಂದು ತಾಲೂಕು ಕಚೇರಿಯಲ್ಲಿ ಹೇಳಿದ್ದರು. ನನಗೆ ಕಟ್ಟಿಗೆಯ ಚಿಂತೆ ಇರಲಿಲ್ಲ. ಅಂದರೆ ಇತ್ತು, ಆದರೆ ಅದು ಪಾಳಿಯಲ್ಲಿ ಬಹಳ ಹಿಂದೆ ನಿಂತಿತ್ತು. ಎಲ್ಲಕ್ಕೂ ಮುಂದೆ ನಿಂತದ್ದು ಅಕ್ಕನ ಚಿಂತೆ.

ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಿತ್ತು. ಆಕೆಗೆ ದಮ್ಮು. ಮೊದಲ ಬಾಣಂತನಕ್ಕೆ ತವರಿಗೆ ಬಂದವಳು ನಮ್ಮ ಅಡುಗೆಮನೆಯ ಹೊಗೆಗೆ ಉಸಿರು ಸಾಲದೆ, ಕೂಸಿಗೆ ಹೆಸರಿಟ್ಟ ಮರುದಿನವೇ ಗಂಡನ ಮನೆಗೆ ಹೊರಟುಬಿಟ್ಟಿದ್ದಳು. ಅವರದು ಹಂಚಿನ ಮನೆ, ಸಂದಿಸಂದಿಯಿಂದ ಹೊಗೆ ತಾನೇ ಹೋಗುತ್ತಿತ್ತು. ನಮ್ಮದು ಮಣ್ಣಿನ ಮಾಳಿಗೆ, ಅದಕ್ಕೊಂದು ಬೆಳಕಿಂಡಿ. ಎದುರುಮನೆಯಾಕೆ, ನಾವೆಲ್ಲ ಅತ್ತಿ ಎಂದು ಕರೆಯುತ್ತಿದ್ದವಳು, “ಮಗಳನ್ನ ಇಲಿ ಓಡಿಸಿದಂಗ ಹೊಗಿ ಹಾಕಿ ಓಡಿಸಿದ್ಲು” ಎಂದು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು. ಅವ್ವ ಅದನ್ನು ಮರೆಯಲಿಲ್ಲ.

ಈಗ ಎರಡನೆಯದು. ಶಿಗ್ಗಾವಿ, ಹಾನಗಲ್ಲು ಎಂದು ಬಸ್ಸು ಬದಲಿಸುತ್ತ ಹೋಗಿ ನಾನೇ ಕರೆದೆ.

“ಹೊಗಿ ಹೋದ್ರ ಬರ್ತೇನಿ,” ಅಂದಳು ಅಕ್ಕ. “ಇಲ್ಲಂದ್ರ ಅವ್ವನ್ನ ಇಲ್ಲಿಗೇ ಕರಕೊಂಡು ಬಾ.”

“ಅವ್ವ ಬೀಗರ ಮನ್ಯಾಗ ಇರ್ತಾಳೇನು?”

“ಅದಕ್ಕ ಹೇಳಾಕತ್ತೇನಿ, ಒಲಿ ಕಟ್ಟಸು. ಚಿಂತಿ ಮಾಡೂದು ನಿನಗ ಬರ್ತೈತಿ. ಒಮ್ಮೆ ಕೆಲಸಾನೂ ಮಾಡಿ ನೋಡು.”

ಒಲೆ ಕಟ್ಟುವವನು ಆಡೂರಿನ ಕಡೆಯವನು, ತಗಡಿನ ಅಚ್ಚು ಹೆಗಲಿಗೆ ಹಾಕಿಕೊಂಡು ಬಂದ. ಅವ್ವ ತನ್ನ ರೊಟ್ಟಿ ಹಂಚನ್ನು ತಂದು ಅಚ್ಚಿನ ಪಕ್ಕದಲ್ಲಿಟ್ಟು ಕೂತಳು. ಹಂಚೇ ದೊಡ್ಡದಿತ್ತು.

“ಇದು ಕುಂತ್ರ ಒಲಿ. ಕುಂದರಲಿಲ್ಲಂದ್ರ ಬರೇ ಗ್ವಾಡಿ.”

“ಯವ್ವಾ, ಅಳತಿ ಸರಕಾರದ್ದೈತ್ರಿ. ಬೆರಳಷ್ಟು ಹೆಚ್ಚಾದ್ರೂ ಸಾಹೇಬ್ರು ಪಾಸ್ ಮಾಡೂದಿಲ್ಲ.”

“ನಿಮ್ಮ ಸಾಹೇಬ್ರು ರೊಟ್ಟಿ ತಿಂತಾರೋ, ಅಳತಿ ತಿಂತಾರೋ?”

ಅವನು ನನ್ನ ಮುಖ ನೋಡಿದ. ನಾನು ಮಾಳಿಗೆಯ ತೊಲೆ ನೋಡಿದೆ. ಕೊನೆಗೆ ಒಳಗಿನ ಅಳತೆ ಸರಕಾರದ್ದು, ಮೇಲಿನ ಅಂಚು ಅವ್ವನದು ಎಂದು ಇತ್ಯರ್ಥವಾಯಿತು. ಮಾಳಿಗೆಗೆ ತೂತು ಬಿತ್ತು. ಕೊಳವೆಯ ಸುತ್ತ ನೀರು ಇಳಿಯಗೊಡದ ಕರಲುಮಣ್ಣು ಮೆತ್ತಿ ತುಳಿದದ್ದು ನಾನೇ, ಅವನು ಸಾಕೆಂದ ಮೇಲೂ ತುಳಿದೆ.

ಒಲೆ ಒಣಗಿ ಹಚ್ಚಿದ ದಿನ ನಾನು ಮಾಳಿಗೆಯ ಮೇಲೆ ನಿಂತಿದ್ದೆ. ಕೊಳವೆಯ ಬಾಯಲ್ಲಿ ಮೊದಲು ಒಂದೆಳೆ, ಆಮೇಲೆ ದಪ್ಪಗೆ ಹೊಗೆ ಬಂತು. ಇಳಿದು ಬಂದರೆ ಅವ್ವ ಒಣಗಣ್ಣಿನಲ್ಲಿ ಒಲೆಯ ಮುಂದೆ ಕೂತು ಸುತ್ತಲಿನ ಗೋಡೆ ನೋಡುತ್ತಿದ್ದಳು.

“ನಮ್ಮ ಗ್ವಾಡಿ ಇಷ್ಟು ಕರ್ರಗ ಇದ್ದವೇನು?” ಅಂದಳು.

ಅಕ್ಕ ಬಂದಳು, ಹಡೆದಳು, ಇದ್ದಳು. ದಮ್ಮು ಆಕೆಯನ್ನು ಕಾಡಲಿಲ್ಲ. ಮಳೆಯೂ ಬಂತು, ಒಂದು ಹನಿ ಒಳಗಿಳಿಯಲಿಲ್ಲ. ಸಾಹೇಬರು ಬಂದರು, ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿ ನೋಡಿದರು, ಒಂದು ತಿಂದರು, ಪಾಸ್ ಮಾಡಿದರು. ಒಲೆಯ ಪಕ್ಕದಲ್ಲೇ ಅಕ್ಕ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತು ಅವ್ವನ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಆ ಕೋಣೆಯಲ್ಲಿ ಇಬ್ಬರು ಕೂತು ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಈಗ ನನ್ನ ಅಡುಗೆಮನೆಯಲ್ಲಿ ಸಿಲಿಂಡರ್ ಇದೆ, ಅದರ ಚಿಂತೆ ಬೇರೆ. ಆದರೆ ಜೋಳದ ರೊಟ್ಟಿಯ ವಾಸನೆ ಬಂದಾಗಲೆಲ್ಲ ಅವರಿಬ್ಬರ ಆ ಮಾತಿನ ಗುನುಗೇ ಕಿವಿಗೆ ಬೀಳುತ್ತದೆ.

ಕೆಟ್ಟದ್ದು ಒಂದೇ. ಬಾಣಂತಿಯ ಹೊರಸಿನ ಕೆಳಗೆ ಸಂಜೆಯಾದರೆ ನಿಗಿನಿಗಿ ಕೆಂಡದ ಅಗ್ಗಿಷ್ಟಿಗೆ ಇಡಬೇಕು. ಹಳೆಯ ಒಲೆಯಲ್ಲಿ ಕೆಂಡಕ್ಕೆ ಬರವಿರಲಿಲ್ಲ. ಹೊಸದು ಸಣ್ಣ ಸೀಳು ಕಟ್ಟಿಗೆಯನ್ನು ಪೂರಾ ಸುಟ್ಟು ಜಾಲರಿಯ ಕೆಳಗೆ ಬರೀ ಬೂದಿ ಉದುರಿಸುತ್ತಿತ್ತು. ಸರಕಾರಕ್ಕೆ ಇದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವ್ವ ಸ್ವಲ್ಪ ಹೊತ್ತು ಬೂದಿ ಕೆದಕಿದಳು. ಆಮೇಲೆ ಒಡೆದ ಗಡಿಗೆಯ ಬೋಕಿ ಹಿಡಿದು, ಸೆರಗು ಸರಿಮಾಡಿಕೊಂಡು, ಓಣಿ ದಾಟಿ ಎದುರುಮನೆಯ ಬಾಗಿಲಲ್ಲಿ ನಿಂತಳು.

“ಯಾಕವ್ವಾ, ಸರಕಾರ ಕೆಂಡ ಕೊಡಲಿಲ್ಲೇನು?” ಎಂದು ಅತ್ತಿ ಒಳಗಿನಿಂದಲೇ ಕೇಳಿದಳು.

“ಅರ್ಜಿ ಹಾಕೇನಿ. ಬರೂತನಾ ನೀ ಕೊಡು. ಮಗಳು ಇನ್ನ ಬಾಳ ದಿನಾ ಇರ್ತಾಳ.”

ಅತ್ತಿ ಕೆಮ್ಮುತ್ತ ಹೊರಗೆ ಬಂದು ಬೋಕಿ ತುಂಬ ಕೆಂಡ ಸುರಿದಳು. “ನಾಳಿಗಿ ದೀಪಾ ಹಚ್ಚೂದ್ರಾಗ ಬಾ,” ಅಂದಳು. “ಹಚ್ಚಿದ ಮ್ಯಾಲ ನಾ ಬೆಂಕಿ ಹೊರಗ ಕೊಡೂದಿಲ್ಲ.”